ಯೋಜನಾ ವರದಿಯಲ್ಲಿ ಪ್ರತಿಸ್ಪರ್ಧಿಗಳೂ ಪ್ರವರ್ತಕರ ಅನುಭವವೂ

ಬ್ಯಾಂಕ್ ಸಾಲಕ್ಕಾಗಿ ಸಲ್ಲಿಕೆಯಾಗುವ ಯೋಜನಾ ವರದಿಗಳಲ್ಲಿ ಯಂತ್ರೋಪಕರಣಗಳ ದರಪಟ್ಟಿ, ಮರುಪಾವತಿಯ ತಖ್ತೆ, ಲಾಭದ ಅಂದಾಜು ಇವೆಲ್ಲ ಅಚ್ಚುಕಟ್ಟಾಗಿಯೇ ಇರುತ್ತವೆ. ಮಾರುಕಟ್ಟೆಯ ಅಧ್ಯಾಯಕ್ಕೆ ಬಂದಾಗ ಮಾತ್ರ ‘ಈ ಭಾಗದಲ್ಲಿ ಇಂತಹ ಘಟಕ ಬೇರೆ ಇಲ್ಲ, ಆದುದರಿಂದ ಪೈಪೋಟಿ ಇಲ್ಲ’ ಎಂಬ ಒಂದೇ ವಾಕ್ಯ. ಸಾಲ ಮಂಜೂರು ಮಾಡುವ ಅಧಿಕಾರಿಗೆ ಇದರಿಂದ ಭರವಸೆ ಮೂಡದು. ಒಂದೋ ಆ ಸರಕಿಗೆ ಬೇಡಿಕೆಯಿಲ್ಲ, ಇಲ್ಲವೇ ಉದ್ಯಮಿ ಪೇಟೆಯನ್ನು ಸುತ್ತಿ ನೋಡಿಲ್ಲ ಎಂದು ಅವರು ಭಾವಿಸುವುದು ಸಹಜ.

ಅಡಿಕೆ ಹಾಳೆಯಿಂದ ತಟ್ಟೆ ತಯಾರಿಸುವ ಘಟಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತೀರ್ಥಹಳ್ಳಿಯಲ್ಲೋ ಸುಳ್ಯದಲ್ಲೋ ಇದನ್ನು ಆರಂಭಿಸುವವರಿಗೆ ನೆರೆಯೂರಿನ ಹಾಳೆ ತಟ್ಟೆ ಘಟಕವೊಂದೇ ಪ್ರತಿಸ್ಪರ್ಧಿಯಲ್ಲ. ಮದುವೆಯ ಅಡುಗೆ ಗುತ್ತಿಗೆದಾರರ ದೃಷ್ಟಿಯಲ್ಲಿ ಬಾಳೆಎಲೆ, ಕಾಗದದ ತಟ್ಟೆ, ಕಬ್ಬಿನ ಸಿಪ್ಪೆಯ ತಟ್ಟೆ, ಬಾಡಿಗೆಯ ಸ್ಟೀಲ್ ತಟ್ಟೆ ಎಲ್ಲವೂ ಪ್ರತಿಸ್ಪರ್ಧಿಗಳೇ. 2022ರ ಜುಲೈ 1ರಿಂದ ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ದೇಶಾದ್ಯಂತ ನಿಷೇಧ ಜಾರಿಗೆ ಬಂದುದನ್ನು ಇಂತಹ ವರದಿಗಳು ಉತ್ಸಾಹದಿಂದ ಉಲ್ಲೇಖಿಸುತ್ತವೆ. ತೆರವಾದ ಜಾಗಕ್ಕೆ ಮೇಲೆ ಹೇಳಿದ ಎಲ್ಲ ವಸ್ತುಗಳೂ ಹಕ್ಕುದಾರರೆಂಬುದನ್ನು ಬರೆಯುವವರು ವಿರಳ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಗಳನ್ನು ಆಹಾರ ಬಡಿಸಲು ಬಳಸಬಾರದೆಂಬ ನಿಲುವು ತಳೆಯಿತು. ರಫ್ತನ್ನು ನೆಚ್ಚಿದ್ದ ಘಟಕಗಳು ದೇಶೀಯ ಪೇಟೆಯತ್ತ ತಿರುಗಿದರೆ ಬೆಲೆ ಇಳಿಯುವ ಸಂಭವವಿದೆ. ಇದರ ಪ್ರಸ್ತಾಪವಿಲ್ಲದ ವರದಿಯನ್ನು ಪರಿಪೂರ್ಣವೆನ್ನಲಾಗದು.

ಪ್ರತಿಸ್ಪರ್ಧಿಗಳ ಮಾಹಿತಿ ಸಿಗದೆಂಬುದು ಸಾಮಾನ್ಯ ನೆಪ. ಅಂಗಡಿಯಲ್ಲಿನ ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ಪ್ರಮಾಣ, ತಯಾರಿಕೆಯ ತಿಂಗಳು, ಗರಿಷ್ಠ ಮಾರಾಟ ಬೆಲೆ ನಮೂದಿಸುವುದು ಕಾನೂನುರೀತ್ಯಾ ಕಡ್ಡಾಯ. ತಿಂಗಳು ತೀರ ಹಳೆಯದಾಗಿದ್ದರೆ ಸರಕು ಓಡುತ್ತಿಲ್ಲವೆಂದು ಊಹಿಸಬಹುದು. ಪ್ರತಿಸ್ಪರ್ಧಿ ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಅದರ ಅಢಾವೆ ಪತ್ರಿಕೆಯನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅಲ್ಪ ಶುಲ್ಕ ತೆತ್ತು ಯಾರು ಬೇಕಾದರೂ ನೋಡಬಹುದು. ಏಕಮಾಲೀಕತ್ವದ ಸಂಸ್ಥೆಗಳಿಗೆ, ಪಾಲುದಾರಿಕೆಗಳಿಗೆ ಈ ಅನುಕೂಲವಿಲ್ಲ. ಅಲ್ಲಿ ಸಗಟು ವ್ಯಾಪಾರಿಯೇ ಗತಿ. ಈಗಿನ ತಯಾರಕರು ಆತನಿಗೆ ಎಷ್ಟು ದಿನಗಳ ಉದ್ದರಿ ಕೊಡುತ್ತಿದ್ದಾರೆಂಬುದೊಂದು ತಿಳಿದರೂ ಸುತ್ತಾಟ ಸಾರ್ಥಕ.

ಏಕೆಂದರೆ ಆ ಉತ್ತರ ನೇರವಾಗಿ ದುಡಿಯುವ ಬಂಡವಾಳದ ಲೆಕ್ಕಕ್ಕೆ ಸೇರುತ್ತದೆ. ನಾಯಕ್ ಸಮಿತಿಯ ಸೂತ್ರದಂತೆ ಸಣ್ಣ ಘಟಕಕ್ಕೆ ಅಂದಾಜು ವಾರ್ಷಿಕ ವಹಿವಾಟಿನ ಶೇ. 25ರಷ್ಟು ದುಡಿಯುವ ಬಂಡವಾಳ ಬೇಕೆಂದು ಗಣಿಸಲಾಗುತ್ತದೆ. ಅದರಲ್ಲಿ ವಹಿವಾಟಿನ ಶೇ. 20 ಬ್ಯಾಂಕಿನದು, ಶೇ. 5 ಉದ್ಯಮಿಯದು. 60 ಲಕ್ಷ ರೂ. ವಹಿವಾಟು ತೋರಿಸಿದರೆ ಮಿತಿ 12 ಲಕ್ಷ. ಪೈಪೋಟಿಯನ್ನು ಲೆಕ್ಕಿಸದೆ ಬರೆದ ಆ 60 ಲಕ್ಷ ವಾಸ್ತವದಲ್ಲಿ 35 ಲಕ್ಷಕ್ಕಿಳಿದರೆ ಅರ್ಹ ಮಿತಿ 7 ಲಕ್ಷ ಮಾತ್ರ. ಅಷ್ಟರಲ್ಲಿ 12 ಲಕ್ಷವನ್ನೂ ದಾಸ್ತಾನಿಗೆ ಸುರಿದಿದ್ದರೆ ಮಾರಾಟವಾಗದ ಸರಕಿನ ಮೇಲೆ ಬಡ್ಡಿ ಏರುತ್ತ ಹೋಗುತ್ತದೆ. ಬಡ್ಡಿಯೋ ಕಂತೋ 90 ದಿನ ಮೀರಿ ಬಾಕಿ ಉಳಿದರೆ ಖಾತೆ ಅನುತ್ಪಾದಕ ಆಸ್ತಿಯಾಗುತ್ತದೆ. ಮತ್ತೊಂದು ಬ್ಯಾಂಕಿನ ಬಾಗಿಲೂ ಸುಲಭವಾಗಿ ತೆರೆಯುವುದಿಲ್ಲ.

ಇನ್ನು ಪ್ರವರ್ತಕರ ಅನುಭವ. ಪದವಿಗಳ ಪಟ್ಟಿ, ಸನ್ಮಾನಗಳ ವಿವರ ಇಲ್ಲಿ ಅನಗತ್ಯ. ‘ಹತ್ತು ವರ್ಷಗಳ ವ್ಯಾಪಾರಾನುಭವ’ ಎಂಬುದೂ ಅಸ್ಪಷ್ಟವೇ. ಹಾಳೆ ದೊರೆಯುವುದು ಮುಖ್ಯವಾಗಿ ಬೇಸಗೆಯಲ್ಲಿ. ಮಳೆಗೆ ಮುನ್ನ ಒಣಗಿಸಿ ಕೂಡಿಡದಿದ್ದರೆ ಬೂಷ್ಟು ಹಿಡಿಯುತ್ತದೆ. ಹೀಗಾಗಿ ವರ್ಷದ ಕಚ್ಚಾ ಮಾಲಿನ ಹಣ ಕೆಲವೇ ತಿಂಗಳಲ್ಲಿ ಹೂಡಿಕೆಯಾಗಬೇಕು. ತೋಟಗಳಿಂದ ಹಾಳೆ ಸಂಗ್ರಹಿಸಿ ಮಳೆಗಾಲ ದಾಟಿಸಿದವರು ಇದನ್ನು ಬಲ್ಲರು; ಎಂಜಿನಿಯರಿಂಗ್ ಪದವೀಧರರೆಲ್ಲರೂ ಬಲ್ಲರೆನ್ನಲಾಗದು. ಯಾವ ಕೆಲಸ, ಎಲ್ಲಿ, ಎಷ್ಟು ಕಾಲ, ಎಷ್ಟು ಮೊತ್ತದ ಖರೀದಿಯ ಹೊಣೆ ಎಂಬುದನ್ನು ಬರೆದರೆ ನಾಲ್ಕು ಸಾಲು ಸಾಕು. ಅನುಭವವೇ ಇಲ್ಲದಿದ್ದಲ್ಲಿ ಅದನ್ನು ಮರೆಮಾಚದೆ, ಪ್ರೆಸ್ ಯಂತ್ರ ನಡೆಸಬಲ್ಲ ನುರಿತ ಕೆಲಸಗಾರರನ್ನು ಹೇಗೆ ಪಡೆಯಲಾಗುವುದೆಂದು ತಿಳಿಸಬೇಕು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟಿಯಂತಹ ಸಂಸ್ಥೆಯಲ್ಲಿ ಪಡೆದ ತರಬೇತಿಯ ಪ್ರಮಾಣಪತ್ರವಿದ್ದರೆ ಲಗತ್ತಿಸಬಹುದು.

ಹಿಂದೆ ನಡೆಸಿ ಮುಚ್ಚಿದ ಉದ್ಯಮವಿದ್ದರೆ ಅದನ್ನು ಬಿಟ್ಟುಬಿಡುವ ಪರಿಪಾಠವೂ ಉಂಟು. ಮುಚ್ಚಲು ಕಾರಣವೇನು, ಸಾಲ ಯಾವಾಗ ತೀರಿತು ಎಂಬುದನ್ನು ಬರೆದು ಬ್ಯಾಂಕಿನ ಋಣಮುಕ್ತ ಪತ್ರದ ಪ್ರತಿಯನ್ನು ಸೇರಿಸುವುದು ಲೇಸು. ಸಿಬಿಲ್ ವರದಿಯಲ್ಲಿ ಆ ಸಾಲದ ದಾಖಲೆ ಶಾಖಾ ವ್ಯವಸ್ಥಾಪಕರಿಗೆ ಹೇಗೂ ಕಾಣಸಿಗಬಹುದು.