ಬೇಲಿಯಿಲ್ಲದ ಬಿಡಾರದಲ್ಲಿ ಐದು ರಾತ್ರಿ

‘ಸಫಾರಿ’ ಎಂಬುದು ಸ್ವಾಹಿಲಿ ಭಾಷೆಯ ಮಾತು. ಪ್ರಯಾಣ ಎಂದಷ್ಟೇ ಅದರ ಅರ್ಥ. ಅರಬ್ಬಿಯ ‘ಸಫರ್’ನಿಂದ ಬಂದದ್ದು. ಆ ನಾಡಿನಲ್ಲಿ ಅಂಗಡಿಗೆ ‘ದುಕಾ’, ವಾಹನಕ್ಕೆ ‘ಗಾರಿ’, ವಿಮೆಗೆ ‘ಬಿಮಾ’ ಎನ್ನುತ್ತಾರೆ. ಚಹಾ, ಚಪಾತಿಗಳಿಗೆ ‘ಚಾಯ್’, ‘ಚಪಾತಿ’ ಎಂದೇ ಹೆಸರು. ಹಿಂದೂ ಮಹಾಸಾಗರದ ಮೇಲೆ ಶತಮಾನಗಳಿಂದ ನಡೆದ ವ್ಯಾಪಾರದ ಗುರುತು ಇದು.

ಕೊಳೆರೋಗಕ್ಕೆ ಎರಡನೇ ಮದ್ದು ಹೊಡೆದು ಮುಗಿಸಿ, ಕಾಫಿ ಕೊಯ್ಲಿಗೆ ಇನ್ನೂ ದಿನವಿದ್ದ ಆಗಸ್ಟ್ ತಿಂಗಳಲ್ಲಿ, ನಮ್ಮ ಸಂಘದ ಸದಸ್ಯರಾದ ನಾವು ಐವರು ಟಾಂಜಾನಿಯದ ಉತ್ತರ ಭಾಗದ ವನ್ಯಧಾಮಗಳಲ್ಲಿ ಗುಡಾರ ಹಾಕಿಕೊಂಡು ಸುತ್ತಿ ಬಂದೆವು. ನಮ್ಮಲ್ಲಿ ಮೂವರ ತೋಟಕ್ಕೆ ಆನೆ ಬರುತ್ತದೆ. ಆನೆ ನೋಡಲು ದುಡ್ಡು ಕೊಟ್ಟು ಅಷ್ಟು ದೂರ ಹೋಗಬೇಕೆ ಎಂದು ಮನೆಯವರು ನಕ್ಕದ್ದೂ ಉಂಟು. ನಾವು ತಿಳಿಯಬಯಸಿದ್ದು ಬೇರೆ. ಕಾಡುಪ್ರಾಣಿಯ ಹೆಸರಿನಲ್ಲಿ ದೇಶಕ್ಕೆ ಇಷ್ಟು ವರಮಾನ ಬರುವ ಕಡೆ, ಆ ಪ್ರಾಣಿಯ ಮಗ್ಗುಲಲ್ಲೇ ಬಾಳುವ ಸಣ್ಣ ರೈತನಿಗೆ ಸಿಗುವುದೇನು?

ಗುಡಾರದ ಬಾಳು

ಅರೂಷಾ ಪಟ್ಟಣದಿಂದ ಹೊರಟ ಜೀಪಿನಲ್ಲಿ ಚಾಲಕನೇ ಮಾರ್ಗದರ್ಶಿ. ಜೊತೆಗೊಬ್ಬ ಅಡುಗೆಯಾತ, ಗುಡಾರ, ಹಾಸಿಗೆ, ಪಾತ್ರೆ ಎಲ್ಲ ಅದೇ ವಾಹನದಲ್ಲಿ. ಮೊದಲ ರಾತ್ರಿ ತರಂಗೀರೆಯಲ್ಲಿ ತಂಗಿದೆವು. 1970ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನಲ್ಲಿ ಬೇಸಗೆಗೆ ನದಿಯೊಂದೇ ನೀರಿನಾಸರೆ. ಆನೆಗಳು ಹಿಂಡುಹಿಂಡಾಗಿ ಅಲ್ಲಿಗೇ ಇಳಿಯುತ್ತವೆ. ಸವಣೂರಿನಲ್ಲಿ ನಾವು ದೊಡ್ಡ ಹುಣಸೆ ಎಂದು ಕರೆಯುವ ಬಾವೋಬಾಬ್ ಮರಗಳು ಅಲ್ಲಿ ಕಣ್ಣು ಹಾಯುವಷ್ಟು ದೂರ ನಿಂತಿವೆ. ಆನೆಗಳು ಅವುಗಳ ತೊಗಟೆಯನ್ನೂ ಸುಲಿದು ತಿನ್ನುತ್ತವೆ.

ಮುಂದಿನ ಮೂರು ರಾತ್ರಿ ಸೆರೆಂಗೆಟಿಯ ಸೆರೊನೆರಾದಲ್ಲಿ. ಅಲ್ಲಿಯ ಸಾರ್ವಜನಿಕ ಬಿಡಾರಗಳಿಗೆ ಬೇಲಿಯಿಲ್ಲ, ಕಂದಕವೂ ಇಲ್ಲ. ಅಡುಗೆಮನೆಗೂ ಊಟದ ಕೊಠಡಿಗೂ ಮಾತ್ರ ತಂತಿಬಲೆ ಹೊದಿಸಿದ್ದಾರೆ. ಕಟ್ಟಳೆಗಳು ಕೆಲವೇ: ಗುಡಾರದೊಳಗೆ ತಿನ್ನುವ ಪದಾರ್ಥ ಇಡಕೂಡದು, ಕತ್ತಲಾದ ಮೇಲೆ ಹೊರಗೆ ಅಡ್ಡಾಡಕೂಡದು, ತೀರ ಅಗತ್ಯ ಬಿದ್ದರೆ ಮೊದಲು ಟಾರ್ಚು ಸುತ್ತ ಹಾಯಿಸಿ, ಹೊಳೆಯುವ ಕಣ್ಣು ಕಾಣದಿದ್ದರೆ ಮಾತ್ರ ಇಳಿಯಬೇಕು. ರಾತ್ರಿ ಕತ್ತೆಕಿರುಬದ ಕೂಗು ಹತ್ತಿರದಲ್ಲೇ ಕೇಳಿಸಿತು. ಬೆಳಗ್ಗೆ ನೋಡಿದರೆ ಗುಡಾರದ ಹಗ್ಗದ ಪಕ್ಕದಲ್ಲೇ ಅದರ ಹೆಜ್ಜೆ.

ಐದನೇ ರಾತ್ರಿ ನ್ಗೊರೊಂಗೊರೊ ಕುಳಿಯ ಅಂಚಿನಲ್ಲಿ. ಸುಮಾರು 600 ಮೀಟರು ಆಳ, 260 ಚದರ ಕಿಲೊಮೀಟರಿನಷ್ಟು ತಳವಿರುವ ಈ ಕುಳಿ ಆರಿದ ಜ್ವಾಲಾಮುಖಿ ಕುಸಿದು ಆದದ್ದು. ಅಂಚಿನಲ್ಲಿ ನಮ್ಮ ಮುಳ್ಳಯ್ಯನಗಿರಿಯನ್ನು ನೆನಪಿಸುವ ಚಳಿ. ಊಟಕ್ಕೆ ಬಂದ ಉಗಾಲಿ, ಮೆಕ್ಕೆಜೋಳದ ಹಿಟ್ಟಿನದೆಂಬುದನ್ನು ಬಿಟ್ಟರೆ, ನಮ್ಮ ರಾಗಿಮುದ್ದೆಯ ತಮ್ಮನೇ ಸರಿ.

ದನದ ರೋಗ, ಕಾಡಿನ ಹಸು

ಸೆರೆಂಗೆಟಿಯ ಹೆಸರುವಾಸಿ ಪ್ರಾಣಿ ವಿಲ್ಡರ್‌ಬೀಸ್ಟ್. ವರ್ಷದ ಆರಂಭದಲ್ಲಿ ದಕ್ಷಿಣದ ಬಯಲಿನಲ್ಲಿ ಕರು ಹಾಕಿ, ಮಳೆ ಹುಲ್ಲಿನ ಜಾಡು ಹಿಡಿದು ಆಗಸ್ಟಿನ ಹೊತ್ತಿಗೆ ಉತ್ತರದ ಮಾರಾ ನದಿಯ ಕಡೆ ಹೋಗುತ್ತದೆ. 1960ರ ದಶಕದ ಆರಂಭದಲ್ಲಿ ಅವುಗಳ ಸಂಖ್ಯೆ ಎರಡೂವರೆ ಲಕ್ಷದಷ್ಟಿತ್ತು. 1970ರ ದಶಕದ ಕೊನೆಗೆ 13 ಲಕ್ಷ ಮುಟ್ಟಿತು. ಈ ಏರಿಕೆಗೆ ಮುಖ್ಯ ಕಾರಣ ದನಗಳಿಗೆ ಹಾಕಿದ ಲಸಿಕೆ.

ನಮ್ಮ ಹಿರಿಯರು ‘ದೊಡ್ಡರೋಗ’ ಎಂದು ಹೆದರುತ್ತಿದ್ದ ರಿಂಡರ್‌ಪೆಸ್ಟ್ 1880ರ ದಶಕದ ಕೊನೆಯಲ್ಲಿ ಆಫ್ರಿಕದ ಈಶಾನ್ಯ ಭಾಗಕ್ಕೆ ಕಾಲಿಟ್ಟಿತು. ಇಟಲಿಯ ಸೈನ್ಯಕ್ಕಾಗಿ ಭಾರತದಿಂದ ಸಾಗಿಸಿದ ದನಗಳೊಡನೆ ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಕೆಲವೇ ವರ್ಷಗಳಲ್ಲಿ ಮಾಸಾಯಿ ಜನರ ದನಕರು ನಾಶವಾಗಿ ಘೋರ ಕ್ಷಾಮ ತಲೆದೋರಿತು. ಕಾಡೆಮ್ಮೆ, ವಿಲ್ಡರ್‌ಬೀಸ್ಟ್‌ಗಳೂ ಸತ್ತವು. ಕೀನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಎಂಬ ಪಶುವೈದ್ಯ ವಿಜ್ಞಾನಿ ರೂಪಿಸಿದ ಲಸಿಕೆಯನ್ನು ರೋಗದ ವಿರುದ್ಧ ವ್ಯಾಪಕವಾಗಿ ಬಳಸಲಾಯಿತು. ಉದ್ಯಾನದ ಸುತ್ತಲಿನ ದನಗಳಿಗೆ ಲಸಿಕೆ ಬಿದ್ದಾಗ ಒಳಗಿನ ಕಾಡುಪ್ರಾಣಿಗಳಲ್ಲೂ ರೋಗ ನಿಂತಿತು. ಭಾರತ 2006ರಲ್ಲಿ ಈ ರೋಗದಿಂದ ಮುಕ್ತವೆನಿಸಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವೆಂದು ಘೋಷಣೆಯಾಯಿತು. ರೈತನ ಕೊಟ್ಟಿಗೆ ನೆಟ್ಟಗಿದ್ದರೆ ಕಾಡೂ ನೆಟ್ಟಗಿರುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಲಾಭ ಯಾರಿಗೆ?

ಉದ್ಯಾನದ ಪ್ರವೇಶ ಶುಲ್ಕ 24 ಗಂಟೆಯ ಲೆಕ್ಕದ್ದು, ಅದೂ ಡಾಲರಿನಲ್ಲಿ. ಗಡುವು ಮೀರೀತೆಂದು ಚಾಲಕ ಗೇಟಿನ ಕಡೆ ಧಾವಿಸುವುದನ್ನು ಕಂಡಾಗ ಒಂದೊಂದು ಗಂಟೆಯ ಬೆಲೆ ತಿಳಿಯಿತು.

1959ರಲ್ಲಿ ಸೆರೆಂಗೆಟಿಯಿಂದ ಮಾಸಾಯಿ ಜನರನ್ನು ಎಬ್ಬಿಸಿದಾಗ, ನ್ಗೊರೊಂಗೊರೊದಲ್ಲಿ ದನಗಳೊಡನೆ ಬಾಳಬಹುದೆಂದು ಅವರಿಗೆ ಮಾತು ಕೊಡಲಾಗಿತ್ತು. ಮುಂದೆ ಅಲ್ಲಿ ಬೇಸಾಯಕ್ಕೆ ನಿಷೇಧ ಬಂತು. ಜನ ಹೆಚ್ಚಿದ್ದಾರೆ, ಕಾಡಿಗೆ ಅಪಾಯ ಎಂದು ಹೇಳಿ 2022ರಿಂದ ಸರ್ಕಾರ ಅವರನ್ನು ದೂರದ ಹಂದೇನಿ ಜಿಲ್ಲೆಯ ಮ್ಸೊಮೆರಾ ಊರಿಗೆ ಸಾಗಿಸತೊಡಗಿತು. ಇದು ಒಪ್ಪಿಗೆಯ ಮೇಲಿನ ಸ್ಥಳಾಂತರವೆಂದು ಸರ್ಕಾರದ ವಾದ. ಶಾಲೆ, ಆಸ್ಪತ್ರೆಗಳ ಅನುಕೂಲ ಕಡಿತಗೊಳಿಸಿ ಒತ್ತಾಯದಿಂದ ಎಬ್ಬಿಸುತ್ತಿದ್ದಾರೆಂದು ಜನರ ದೂರು. ಕುಳಿಯ ಅಂಚಿನಲ್ಲಿ ಗುಡಾರ ಹಾಕಲು ನಮಗೆ ಸಿಕ್ಕ ಹಕ್ಕು, ಅಲ್ಲೇ ಹುಟ್ಟಿದವನಿಗೆ ಸಡಿಲಾಗುತ್ತಿದೆ ಎಂಬುದು ನಮಗೆ ಹಿಡಿಸಲಿಲ್ಲ.

ಗಡಿಯಾಚೆ ಕೀನ್ಯಾದ ಮಸಾಯಿ ಮಾರಾ ಸುತ್ತ ಬೇರೊಂದು ದಾರಿ ಹಿಡಿದಿದ್ದಾರೆ. ಅಲ್ಲಿ ಜಮೀನಿಗೆ ಪಟ್ಟೆ ಪಡೆದ ಮಾಸಾಯಿ ಕುಟುಂಬಗಳು ಜಮೀನು ಒಟ್ಟುಗೂಡಿಸಿ ಪ್ರವಾಸೋದ್ಯಮದವರಿಗೆ ಗೇಣಿಗೆ ಕೊಡುತ್ತವೆ. ಎಕರೆ ಲೆಕ್ಕದಲ್ಲಿ ಬಾಡಿಗೆ ಕುಟುಂಬಕ್ಕೇ ಸೇರುತ್ತದೆ. 2006ರಲ್ಲಿ ಓಲಾರೆ ಓರೊಕ್, 2010ರಲ್ಲಿ ನಬೋಯಿಶೊ ಎಂಬಲ್ಲಿ ಇಂಥ ವ್ಯವಸ್ಥೆಗಳಾದವು. 2020ರಲ್ಲಿ ಪ್ರವಾಸಿಗಳು ನಿಂತಾಗ ಈ ವರಮಾನಕ್ಕೂ ಹೊಡೆತ ಬಿತ್ತು. ಒಂದೇ ಬೆಳೆ ನೆಚ್ಚಿದವನ ಕಷ್ಟ ನಮಗೇನು ಹೊಸದಲ್ಲ.

ಕಿಲಿಮಂಜಾರೊದ ತೋಟಗಳು

ಮರಳುವ ಮುನ್ನ ಮೋಶಿಯ ಮೇಲಿನ ಕಾಫಿ ಇಳಿಜಾರಿಗೆ ಹೋದೆವು. ಚಗ್ಗಾ ಜನರ ಮನೆತೋಟದಲ್ಲಿ ಎತ್ತರಕ್ಕೆ ನೆರಳುಮರ, ಅದರ ಕೆಳಗೆ ಬಾಳೆ, ಬಾಳೆಯಡಿ ಅರೇಬಿಕಾ, ನೆಲದಲ್ಲಿ ಗೆಡ್ಡೆ, ಸೊಪ್ಪು. ಬೆಟ್ಟದ ತೊರೆಯಿಂದ ತೋಡಿದ ಕಾಲುವೆಗಳು ನೀರು ತರುತ್ತವೆ. ಸಿಲ್ವರ್ ಓಕ್ ಅಲ್ಲಿಯೂ ಉಂಟು. ಇಂಥ ಸಣ್ಣ ಹಿಡುವಳಿದಾರರೇ 1925ರಲ್ಲಿ ಸಂಘ ಕಟ್ಟಿದರು. 1933ರಲ್ಲಿ ಅದು ಕಿಲಿಮಂಜಾರೊ ಸಹಕಾರಿ ಒಕ್ಕೂಟವಾಗಿ ರೂಪುಗೊಂಡಿತು. ಆಫ್ರಿಕದ ಅತಿ ಹಳೆಯ ಸಹಕಾರಿ ಒಕ್ಕೂಟಗಳಲ್ಲಿ ಅದೂ ಒಂದು.

ನಾವು ತಂದ ಬುತ್ತಿ

ಕೀನ್ಯಾದ ತ್ಸಾವೊ ಬಳಿಯ ಸಗಲ್ಲಾ ಎಂಬಲ್ಲಿ ಹೊಲದ ಸುತ್ತ ಹತ್ತು ಹತ್ತು ಮೀಟರಿಗೊಂದು ಜೇನುಪೆಟ್ಟಿಗೆ ತೂಗುಹಾಕಿ, ಒಂದಕ್ಕೊಂದು ತಂತಿ ಕಟ್ಟುತ್ತಾರೆ. ಆನೆ ತಂತಿ ತಗುಲಿಸಿದರೆ ಪೆಟ್ಟಿಗೆ ಅಲುಗಿ ಜೇನು ಏಳುತ್ತದೆ. ಲೂಸಿ ಕಿಂಗ್ ಎಂಬ ವಿಜ್ಞಾನಿಯ ತಂಡ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬೆಳೆ ಚೆನ್ನಾಗಿದ್ದ ಕಾಲದಲ್ಲಿ ಬಳಿ ಬಂದ ಆನೆಗಳಲ್ಲಿ ಶೇ. 86ರವರೆಗೆ ಹಿಂದಿರುಗಿದವು. ಆದರೆ ಬರ ಬಿದ್ದು ಜೇನುಕುಟುಂಬಗಳು ನಶಿಸಿದಾಗ ಬೇಲಿಯ ಬಲವೂ ಕುಗ್ಗಿತು.

ನಮ್ಮ ಕೊಡಗಿನಲ್ಲೂ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರಲ್ಲಿ ನಾಗರಹೊಳೆಯ ಅಂಚಿನಲ್ಲಿ ಇಂಥ ಪ್ರಯೋಗ ಆರಂಭಿಸಿತು. ಅಲ್ಲಿಯ ಜೇನು ಬಲು ಸಿಡುಕು, ನಮ್ಮ ತುಡುವೆ ಸೌಮ್ಯ; ಆದ್ದರಿಂದ ಅದೇ ಫಲ ಸಿಗುವುದೆಂದು ನಂಬಿ ಕೂರುವಂತಿಲ್ಲ. ಕೊಯ್ಲಿನ ಆಳುಗಳಿಗೆ ಕುಟುಕದಂತೆ ಪೆಟ್ಟಿಗೆಯ ಜಾಗ ನೋಡಬೇಕು. ಆದರೂ ಕಾಫಿ ಹೂವಿನ ಕಾಲಕ್ಕೆ ಜೇನು ತೋಟಕ್ಕೆ ಬೇಕಾದದ್ದೇ, ತುಪ್ಪವೂ ಸಿಕ್ಕೀತು. ಒಬ್ಬ ಬೆಳೆಗಾರ ತನ್ನ ಎರಡೆಕರೆಗೆ ಬೇಲಿ ಹಾಕಿದರೆ ಆನೆ ಪಕ್ಕದವನ ತೋಟಕ್ಕೆ ತಿರುಗುತ್ತದೆ. ಆದುದರಿಂದ ಒಂದು ಊರಿನ ಸದಸ್ಯರು ಒಟ್ಟಾಗಿ ಕಾಡಂಚಿನ ಒಂದು ಸಾಲಿಗೆ ಪೆಟ್ಟಿಗೆ ಕಟ್ಟಿ ಎರಡು ವರ್ಷ ಲೆಕ್ಕ ಇಟ್ಟು ನೋಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಆಸಕ್ತ ಬಂಧುಗಳು ಮುಂದಿನ ಸಭೆಯಲ್ಲಿ ವಿಷಯ ಎತ್ತಬೇಕಾಗಿ ಕೋರುತ್ತೇವೆ.

ಹೋಗಬಯಸುವವರಿಗೆ ಎರಡು ಮಾತು: ಹಳದಿಜ್ವರದ ಚುಚ್ಚುಮದ್ದನ್ನು ಹೊರಡುವುದಕ್ಕೆ ಹತ್ತು ದಿನ ಮೊದಲೇ ಹಾಕಿಸಿ ಪ್ರಮಾಣಪತ್ರ ಜೊತೆಯಲ್ಲಿಡಿ, ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ನೀಲಿ, ಕಪ್ಪು ಬಟ್ಟೆ ಮನೆಯಲ್ಲೇ ಬಿಡಿ, ಆ ಬಣ್ಣಕ್ಕೆ ತ್ಸೆತ್ಸೆ ನೊಣ ಮುತ್ತುತ್ತದೆ. ಒಂದು ದಪ್ಪ ಕಂಬಳಿ ಮರೆಯಬೇಡಿ.