ತುಂಬಿ ಬರಲಿ, ಹೊಗೆಯಿಲ್ಲದೆ ಬರಲಿ

ರಾತ್ರಿ ಹನ್ನೊಂದರ ಹೊತ್ತಿಗೆ ಬೆಂಗಳೂರಿನ ಎಲೆಕ್ಟ್ರಿಕ್ ಬಸ್ ಡಿಪೋ ಒಂದರ ಒಳಗೆ ಕಾಲಿಟ್ಟರೆ ಮೊದಲು ಅಚ್ಚರಿಯಾಗುವುದು ಅಲ್ಲಿನ ನಿಶ್ಶಬ್ದಕ್ಕೆ. ಕೊನೆಯ ಟ್ರಿಪ್ ಮುಗಿಸಿದ ಬಸ್ಸು ಗೇಟು ದಾಟಿ ಬಂದದ್ದೇ ಗೊತ್ತಾಗುವುದಿಲ್ಲ. ಟೈರು ನೆಲಕ್ಕೆ ಉಜ್ಜುವ ಸದ್ದು, ಬ್ರೇಕು ಬಿಟ್ಟಾಗ ಗಾಳಿ ಹೊರಬೀಳುವ 'ಫುಸ್' ಎಂಬ ಸದ್ದು, ಅಷ್ಟೆ. ಕಣ್ಣುರಿಸುವ ಡೀಸೆಲ್ ಹೊಗೆಯಿಲ್ಲ. ಚಾಲಕ ಇಳಿದು ಹೋದ ಮೇಲೆ ಸಿಬ್ಬಂದಿಯೊಬ್ಬರು ದಪ್ಪ ಕೇಬಲ್ ಎಳೆದು ತಂದು, ತುದಿಯಲ್ಲಿರುವ ಗನ್ನನ್ನು ಬಸ್ಸಿನ ಮೈಗೆ ಸಿಕ್ಕಿಸುತ್ತಾರೆ. ಚಾರ್ಜರ್ ಮೇಲಿನ ಪರದೆಯಲ್ಲಿ ಬ್ಯಾಟರಿಯ ಅಂಕಿ ನಿಧಾನವಾಗಿ ಏರತೊಡಗುತ್ತದೆ. ಬೆಳಗಿನ ಮೊದಲ ಟ್ರಿಪ್ಪಿಗೆ ಬಸ್ಸು ಸಿದ್ಧವಾಗುವುದು ಹೀಗೆ.

ಪಕ್ಕದ ಡೀಸೆಲ್ ಡಿಪೋದಲ್ಲಿ ಅದೇ ಹೊತ್ತಿಗೆ ಬಂಕಿನ ಮುಂದೆ ಬಸ್ಸುಗಳ ಸಾಲು ನಿಂತಿರುತ್ತದೆ. ಪ್ರತಿ ಬಸ್ಸಿಗೆ ಎಷ್ಟು ಲೀಟರ್ ಹಾಕಿದ್ದಾಯಿತು, ಅದು ಎಷ್ಟು ಕಿಲೋಮೀಟರ್ ಓಡಿತ್ತು ಎಂಬ ಲೆಕ್ಕ ಪುಸ್ತಕಕ್ಕೆ ಏರುತ್ತದೆ. ನಗರ ಸಾರಿಗೆಯೊಂದು ಪರಿಸರದ ಮೇಲೆ ಹೇರುವ ಹೊರೆ ತಗ್ಗುವುದು ಈ ಎರಡೂ ಕಡೆ. ಮೂರನೆಯ ಜಾಗವೂ ಒಂದಿದೆ, ಅದು ಬಸ್ಸಿನ ಒಳಗೆ.

ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಕೆಎಸ್‌ಆರ್‌ಟಿಸಿಯಿಂದ ಬೇರ್ಪಟ್ಟು ಪ್ರತ್ಯೇಕ ನಿಗಮವಾದದ್ದು 1997ರಲ್ಲಿ. ಆರು ಸಾವಿರಕ್ಕೂ ಹೆಚ್ಚು ಬಸ್ಸು, ಸುಮಾರು ಐವತ್ತು ಡಿಪೋ, ನಿತ್ಯ ನಲವತ್ತು ಲಕ್ಷದಷ್ಟು ಪ್ರಯಾಣಿಕರು: ಬಿಎಂಟಿಸಿ ಎಂದರೆ ಇಷ್ಟು ದೊಡ್ಡ ಸಂಸಾರ. ಇಲ್ಲಿ ಚಿಕ್ಕದೊಂದು ಬದಲಾವಣೆ ಮಾಡಿದರೂ ಅದು ಸಾವಿರಗಳಿಂದ ಗುಣಿಸಿಕೊಂಡು ದೊಡ್ಡದಾಗುತ್ತದೆ.

ಎಲೆಕ್ಟ್ರಿಕ್ ಬಸ್ಸಿನ ಕಥೆ ಇಲ್ಲಿ ಶುರುವಾದದ್ದು 2014ರಲ್ಲಿ. ಚೀನಾದ ಬಿವೈಡಿ ಕಂಪನಿಯ ಒಂದು ಬಸ್ಸನ್ನು ಮೆಜೆಸ್ಟಿಕ್ ಮತ್ತು ಕಾಡುಗೋಡಿ ನಡುವೆ ಮೂರು ತಿಂಗಳು ಪ್ರಾಯೋಗಿಕವಾಗಿ ಓಡಿಸಲಾಯಿತು. ದೇಶದಲ್ಲೇ ಅದು ಮೊದಲ ಪ್ರಯತ್ನ. ಬಸ್ಸು ಚೆನ್ನಾಗಿಯೇ ಓಡಿತು, ಆದರೆ ಅದರ ಬೆಲೆ ಕೈಗೆಟುಕುವಂತಿರಲಿಲ್ಲ. ಮುಂದಿನ ಹೆಜ್ಜೆಗೆ ಏಳು ವರ್ಷ ಹಿಡಿಯಿತು. 2021ರ ಡಿಸೆಂಬರಿನಲ್ಲಿ ಮೆಟ್ರೊ ನಿಲ್ದಾಣಗಳಿಗೆ ಜನರನ್ನು ತಲುಪಿಸುವ ಒಂಬತ್ತು ಮೀಟರ್ ಉದ್ದದ 90 ಬಸ್ಸುಗಳ ಯೋಜನೆಗೆ ಚಾಲನೆ ಸಿಕ್ಕಿತು. 2022ರ ಆಗಸ್ಟಿನಿಂದ ಹನ್ನೆರಡು ಮೀಟರಿನ 300 ಬಸ್ಸುಗಳು, 2023ರ ಡಿಸೆಂಬರಿನಿಂದ ಟಾಟಾ ಕಂಪನಿಯ 921 ಬಸ್ಸುಗಳು ಹಂತ ಹಂತವಾಗಿ ರಸ್ತೆಗಿಳಿದವು. ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಐದು ನಗರಗಳಿಗೆ ಹಂಚಿದ 10,900 ಬಸ್ಸುಗಳ ಪೈಕಿ ಅತಿ ದೊಡ್ಡ ಪಾಲು, ಅಂದರೆ 4,500, ಬೆಂಗಳೂರಿಗೇ ಬಂತು.

ಇಷ್ಟು ಬಸ್ಸುಗಳನ್ನು ನಿಗಮ ಕೈಯಿಂದ ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ಬಸ್ಸು, ಬ್ಯಾಟರಿ, ರಿಪೇರಿ, ಚಾಲಕ ಎಲ್ಲವೂ ಗುತ್ತಿಗೆ ಪಡೆದ ಕಂಪನಿಯದು. ಮಾರ್ಗ, ವೇಳೆ, ಕಂಡಕ್ಟರ್, ಟಿಕೆಟ್ ಹಣ ಬಿಎಂಟಿಸಿಯದು. ಓಡಿದ ಕಿಲೋಮೀಟರಿಗೆ ಇಷ್ಟು ಎಂದು ನಿಗಮ ಕಂಪನಿಗೆ ಹಣ ಕೊಡುತ್ತದೆ. ದುಬಾರಿ ಬಸ್ಸುಗಳು ಇಷ್ಟು ಬೇಗ ರಸ್ತೆಗೆ ಬರಲು ಈ ಏರ್ಪಾಡೇ ಕಾರಣ. ಇದರ ಜೊತೆಗೆ ಹೊಸ ಹೊಣೆಯೂ ಬಂದಿದೆ. ಎಲೆಕ್ಟ್ರಿಕ್ ಬಸ್ಸಿಗೆ ಕ್ಲಚ್ ಇಲ್ಲ, ಗೇರ್ ಬದಲಿಸುವ ಕೆಲಸವಿಲ್ಲ. ಆಕ್ಸಿಲರೇಟರ್ ಮೇಲೆ ಕಾಲಿಟ್ಟ ತಕ್ಷಣ ಅದು ಮುಂದಕ್ಕೆ ನುಗ್ಗುತ್ತದೆ. ಅದರ ಸದ್ದು ರಸ್ತೆ ದಾಟುವವರ ಕಿವಿಗೆ ಬೀಳುವುದೂ ಕಡಿಮೆ. ಡೀಸೆಲ್ ಬಸ್ಸಿನಲ್ಲಿ ಕೈ ಪಳಗಿಸಿಕೊಂಡ ಚಾಲಕರಿಗೂ ಇಲ್ಲಿ ಹೊಸದಾಗಿ ತರಬೇತಿ ಬೇಕು. ಆ ತರಬೇತಿಯಲ್ಲಿ ಒಂದು ದಿನವನ್ನೂ ಉಳಿಸಲು ಹೋಗಬಾರದು.

ಹೊಗೆಯಿಲ್ಲ ಎಂದ ಮಾತ್ರಕ್ಕೆ ಮಾಲಿನ್ಯವೇ ಇಲ್ಲವೇ? ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಲು ಸ್ವಲ್ಪ ಲೆಕ್ಕ ಹಾಕಬೇಕು.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಬಸ್ಸು ಕಿಲೋಮೀಟರಿಗೆ 670 ಗ್ರಾಂನಷ್ಟು ಬಿಟ್ಟಂತಾಯಿತು. ಎಲೆಕ್ಟ್ರಿಕ್ ಬಸ್ಸಿಗೆ ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಯೂನಿಟ್ ವಿದ್ಯುತ್ ಬೇಕು. ನಮ್ಮ ದೇಶದಲ್ಲಿ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನಿಂದ ಬರುವುದರಿಂದ ಒಂದು ಯೂನಿಟ್ಟಿಗೆ ಸರಾಸರಿ 700 ಗ್ರಾಂನಷ್ಟು ಇಂಗಾಲ ಎಲ್ಲೋ ದೂರದ ಚಿಮಣಿಯಿಂದ ಹೊರಟಿರುತ್ತದೆ. ಕಚ್ಚಾ ತೈಲ ತೆಗೆದು, ಶುದ್ಧೀಕರಿಸಿ, ಸಾಗಿಸುವಾಗಲೂ ಹೊಗೆ ಏಳುತ್ತದೆ ಎಂಬುದನ್ನು ಡೀಸೆಲ್ಲಿನ ಖಾತೆಗೆ ಸೇರಿಸಿದರೂ, ಇಂಗಾಲದ ವಿಷಯದಲ್ಲಿ ಇವತ್ತಿನ ಮಟ್ಟಿಗೆ ಎರಡರ ನಡುವಿನ ಅಂತರ ಜನ ಅಂದುಕೊಂಡಷ್ಟಿಲ್ಲ.

ಹಾಗಾದರೆ ಲಾಭ ಎಲ್ಲಿ? ಮೊದಲನೆಯದು ಬೀದಿಯಲ್ಲಿ. ಡೀಸೆಲ್ ಇಂಜಿನ್ ಬಿಡುವ ಮಸಿ ಮತ್ತು ನೈಟ್ರೋಜನ್ ಆಕ್ಸೈಡುಗಳು ನೇರವಾಗಿ ಮೂಗಿನ ಮಟ್ಟದಲ್ಲೇ ಬೀಳುತ್ತವೆ. ಬಸ್ ನಿಲ್ದಾಣದಲ್ಲಿ ನಿಂತ ಶಾಲೆಯ ಮಗು, ಫುಟ್‌ಪಾತಿನಲ್ಲಿ ಹೂ ಮಾರುವ ಹೆಂಗಸು, ಸಿಗ್ನಲ್ಲಿನಲ್ಲಿ ನಿಲ್ಲುವ ಟ್ರಾಫಿಕ್ ಪೊಲೀಸ್, ಬಾನೆಟ್ ಪಕ್ಕ ಎಂಟು ಗಂಟೆ ಕೂರುವ ಚಾಲಕ, ಇವರೆಲ್ಲ ಅದನ್ನೇ ಉಸಿರಾಡುವವರು. ಎಲೆಕ್ಟ್ರಿಕ್ ಬಸ್ಸು ಬಂದ ದಿನವೇ ಇವರ ಪಾಲಿನ ಆ ವಿಷ ಅಷ್ಟರಮಟ್ಟಿಗೆ ಇಳಿಯುತ್ತದೆ. ಎರಡನೆಯದು, ವಿದ್ಯುತ್ತಿನ ಮೂಲ ಶುದ್ಧವಾದಂತೆಲ್ಲ ಅದೇ ಬಸ್ಸು ತಾನೂ ಶುದ್ಧವಾಗುತ್ತ ಹೋಗುತ್ತದೆ. ಡೀಸೆಲ್ ಬಸ್ಸಿಗೆ ಆ ಭಾಗ್ಯವಿಲ್ಲ.

ಕರ್ನಾಟಕಕ್ಕೆ ಇಲ್ಲಿ ಒಳ್ಳೆಯ ಅವಕಾಶವಿದೆ. ಶರಾವತಿಯ ನೀರು, ಚಿತ್ರದುರ್ಗದ ಗಾಳಿ, ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ನಮ್ಮಲ್ಲಿವೆ. ಬೆಳಗಿನ ಹಾಗೂ ಸಂಜೆಯ ರಶ್ಶಿನ ನಡುವೆ, ಹನ್ನೊಂದರಿಂದ ಮೂರು ಗಂಟೆಯವರೆಗೆ, ಬಸ್ಸುಗಳಿಗೆ ಕೊಂಚ ಬಿಡುವು. ಬಿಸಿಲು ಧಾರಾಳವಾಗಿರುವುದೂ ಆಗಲೇ. ಆ ಹೊತ್ತಿನಲ್ಲಿ ಹೆಚ್ಚು ಬಸ್ಸುಗಳು ಚಾರ್ಜ್ ಆಗುವಂತೆ ವೇಳಾಪಟ್ಟಿ ಹೊಂದಿಸಿದರೆ, ಡಿಪೋ ಚಾವಣಿಗಳ ಮೇಲೆ ಫಲಕ ಹಾಕಿದರೆ, ಬಸ್ಸು ಬಿಸಿಲಿನಲ್ಲೇ ಓಡಿದಂತೆ.

ಡೀಸೆಲ್ ಬಸ್ಸುಗಳು ಇನ್ನೂ ಹಲವು ವರ್ಷ ಇರುತ್ತವೆ. ಅಲ್ಲಿಯ ಉಳಿತಾಯ ಚಾಲಕನ ಪಾದದಲ್ಲಿದೆ. ಸಾರಿಗೆ ನಿಗಮಗಳಲ್ಲಿ 'ಕೆಎಂಪಿಎಲ್' ಎಂಬ ಮಾತು ದಿನಬೆಳಗಾದರೆ ಕೇಳಿಬರುತ್ತದೆ. ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ ಅದು. ಒಂದೇ ಮಾರ್ಗದಲ್ಲಿ, ಒಂದೇ ಬಗೆಯ ಬಸ್ಸಿನಲ್ಲಿ ಇಬ್ಬರು ಚಾಲಕರ ಕೆಎಂಪಿಎಲ್ ಬೇರೆಬೇರೆ ಬರುವುದುಂಟು. ಒಬ್ಬರು ಕೆಂಪು ದೀಪದವರೆಗೂ ಆಕ್ಸಿಲರೇಟರ್ ಒತ್ತಿಕೊಂಡು ಹೋಗಿ ಗಕ್ಕನೆ ಬ್ರೇಕ್ ಹಾಕುತ್ತಾರೆ. ಇನ್ನೊಬ್ಬರು ದೂರದಿಂದಲೇ ದೀಪ ನೋಡಿ ಕಾಲೆತ್ತುತ್ತಾರೆ, ಬಸ್ಸು ತನ್ನ ಓಟದಲ್ಲೇ ಹೋಗಿ ಮೆಲ್ಲಗೆ ನಿಲ್ಲುತ್ತದೆ. ನಿಂತ ಮೇಲೆ ಇಂಜಿನ್ ಆಫ್ ಮಾಡುತ್ತಾರೆ.

ಐದು ಸಾವಿರ ಡೀಸೆಲ್ ಬಸ್ಸುಗಳು ದಿನಕ್ಕೆ ತಲಾ 200 ಕಿಲೋಮೀಟರ್ ಓಡುತ್ತವೆ ಎಂದಿಟ್ಟುಕೊಳ್ಳಿ. ಮೈಲೇಜ್ 4ರಿಂದ 4.1ಕ್ಕೆ ಏರಿದರೂ ದಿನಕ್ಕೆ ಆರು ಸಾವಿರ ಲೀಟರ್ ಡೀಸೆಲ್ ಉಳಿಯುತ್ತದೆ, ಹದಿನಾರು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುವುದು ತಪ್ಪುತ್ತದೆ. ಟೈರಿಗೆ ಸರಿಯಾಗಿ ಗಾಳಿ, ಏರ್ ಫಿಲ್ಟರ್ ಶುಚಿ, ಡಿಪೋದಿಂದ ಮೊದಲ ನಿಲ್ದಾಣಕ್ಕೆ ಖಾಲಿ ಓಡುವ 'ಡೆಡ್ ಕಿಲೋಮೀಟರ್' ಕಡಿತ, ಎಲ್ಲವೂ ಈ ಸಾಲಿಗೇ ಸೇರಿದವು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಂದ ಬಿಎಸ್-6 ಇಂಧನದಲ್ಲಿ ಗಂಧಕದ ಅಂಶ ಹಿಂದಿನ ಐದನೇ ಒಂದು ಭಾಗಕ್ಕೆ ಇಳಿದದ್ದೂ ಡೀಸೆಲ್ ಬಸ್ಸಿನ ಹೊಗೆಯನ್ನು ತೆಳುವಾಗಿಸಿತು.

ಉಳಿತಾಯ ಇಂಧನದಲ್ಲಷ್ಟೇ ಅಲ್ಲ. ವರ್ಕ್‌ಶಾಪುಗಳಲ್ಲಿ ಸವೆದ ಟೈರಿಗೆ ರೀಸೋಲ್ ಮಾಡಿ ಮತ್ತೆ ಬಳಸುವುದು ಸಾರಿಗೆ ನಿಗಮಗಳ ಹಳೆಯ ರೂಢಿ. ಓಡಿ ಓಡಿ ಹಣ್ಣಾದ ಬಸ್ಸು ಕೂಡ ಗುಜರಿಗೇ ಹೋಗಬೇಕೆಂದಿಲ್ಲ. ಕೆಎಸ್‌ಆರ್‌ಟಿಸಿ 2020ರಲ್ಲಿ ಮೆಜೆಸ್ಟಿಕ್ಕಿನಲ್ಲಿ ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವನ್ನಾಗಿ ಬದಲಿಸಿ ನಿಲ್ಲಿಸಿತು.

ಈಗ ಆ ಮೂರನೆಯ ಜಾಗಕ್ಕೆ, ಬಸ್ಸಿನ ಒಳಗೆ ಬರೋಣ. ಕಿಲೋಮೀಟರಿಗೆ 670 ಗ್ರಾಂ ಬಿಡುವ ಆ ಡೀಸೆಲ್ ಬಸ್ಸಿನಲ್ಲಿ ಐವತ್ತು ಜನ ಇದ್ದರೆ ಒಬ್ಬರ ಪಾಲಿಗೆ ಬರುವ ಇಂಗಾಲ ಕಿಲೋಮೀಟರಿಗೆ 13 ಗ್ರಾಂ. ಒಬ್ಬರೇ ಹೋಗುವ ಬೈಕು 50 ಗ್ರಾಂ, ಒಬ್ಬರೇ ಕೂತ ಪೆಟ್ರೋಲ್ ಕಾರು 150 ಗ್ರಾಂ ಆಸುಪಾಸು ಬಿಡುತ್ತದೆ. ಅದೇ ಬಸ್ಸಿನಲ್ಲಿ ಐದೇ ಜನ ಇದ್ದರೆ? ತಲಾ 134 ಗ್ರಾಂ. ಖಾಲಿ ಬಸ್ಸು ಕಾರಿನ ಮಟ್ಟಕ್ಕೆ ಬಂದುಬಿಡುತ್ತದೆ. ಹೀಗಾಗಿ ಬಸ್ ಕಂಪನಿಯೊಂದು ಪರಿಸರಕ್ಕೆ ಮಾಡಬಹುದಾದ ಅತಿ ದೊಡ್ಡ ಉಪಕಾರವೆಂದರೆ ಸೀಟು ತುಂಬಿಸುವುದು.

ಬಿಎಂಟಿಸಿ ಇದಕ್ಕಾಗಿ ಹಲವು ದಾರಿ ಹಿಡಿದಿದೆ. 2006ರಲ್ಲಿ ಕಾರಿನವರನ್ನು ಸೆಳೆಯಲು ವೋಲ್ವೊ ಬಸ್ಸು ತಂದಿತು. 2010ರಿಂದ ಪ್ರತಿ ತಿಂಗಳ 4ನೇ ತಾರೀಖನ್ನು 'ಬಸ್ ಡೇ' ಎಂದು ಕರೆಯಿತು. 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೇ ಮೀಸಲಾದ ಪಥ ಬಂತು, ಆದರೆ ಮೆಟ್ರೊ ಕಾಮಗಾರಿ ಶುರುವಾದ ಮೇಲೆ ಅದು ಉಳಿಯಲಿಲ್ಲ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಹಣದ ಚಿಂತೆ ತಪ್ಪಿತು, ಬಸ್ಸುಗಳು ಮತ್ತಷ್ಟು ತುಂಬಿದವು. ಬಸ್ಸು ಎಲ್ಲಿದೆ ಎಂದು ಮೊಬೈಲಿನಲ್ಲೇ ನೋಡಲು 'ನಮ್ಮ ಬಿಎಂಟಿಸಿ' ಆ್ಯಪ್ ಇದೆ.

ದೊಡ್ಡ ಬದಲಾವಣೆ ಸಾಧ್ಯ ಎಂಬುದಕ್ಕೆ ಸಾಕ್ಷಿಗಳಿಗೇನೂ ಕೊರತೆಯಿಲ್ಲ. ಸುಪ್ರೀಂ ಕೋರ್ಟಿನ 1998ರ ಆದೇಶದ ಬೆನ್ನಲ್ಲಿ ದಿಲ್ಲಿ ತನ್ನ ಬಸ್ಸುಗಳನ್ನೆಲ್ಲ ಕೆಲವೇ ವರ್ಷಗಳಲ್ಲಿ ಸಿಎನ್‌ಜಿಗೆ ಬದಲಿಸಿತು. ಚೀನಾದ ಶೆನ್‌ಜೆನ್ ನಗರ 2017ರ ಕೊನೆಯ ಹೊತ್ತಿಗೆ ಹದಿನಾರು ಸಾವಿರಕ್ಕೂ ಹೆಚ್ಚಿನ ಬಸ್ಸುಗಳನ್ನು ಪೂರ್ತಿ ಎಲೆಕ್ಟ್ರಿಕ್ ಮಾಡಿ ಮುಗಿಸಿತ್ತು.

ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿ ಹೋಗಿದೆ. ಆ ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡು ನಿಂತರೆ ಎಲೆಕ್ಟ್ರಿಕ್ ಬಸ್ಸೂ ಸಮಯಕ್ಕೆ ಬರದು, ಸಮಯಕ್ಕೆ ಬರದ ಬಸ್ಸಿಗೆ ಜನ ಹತ್ತರು. ಬಸ್ಸಿಗೊಂದು ಪಥ ಬಿಟ್ಟುಕೊಡುವ ಕೆಲಸ ಸರ್ಕಾರದ್ದು. ವಾರಕ್ಕೆರಡು ದಿನ ಬೈಕು, ಕಾರು ಮನೆಯಲ್ಲಿಟ್ಟು ನಿಲ್ದಾಣಕ್ಕೆ ನಡೆದು ಬರುವ ಕೆಲಸ ನಮ್ಮದು. ಅದಕ್ಕೆ ಮುಂದಿನ ತಿಂಗಳ 4ನೇ ತಾರೀಖಿನವರೆಗೆ ಕಾಯಬೇಕಿಲ್ಲ. ನಾಳೆ ಬೆಳಗ್ಗೆಯೇ ಹತ್ತಿ.