ಪರ್ಯಾಯ ವಾಸ್ತವ ಕ್ರೀಡೆಗಳೂ ಸಾಮೂಹಿಕ ಶೋಧನೆಯ ಕ್ರಮವೂ

೧

ಒಗಟನ್ನು ಒಡ್ಡುವುದೂ ಅದನ್ನು ಬಿಡಿಸುವುದೂ ಮನುಷ್ಯನ ಅತಿ ಪ್ರಾಚೀನ ವಿನೋದಗಳಲ್ಲೊಂದು. ಜಗುಲಿಯ ಮೇಲೆ ಹಿರಿಯರೊಬ್ಬರು ಒಗಟು ಹೇಳುವಾಗ, ಕೇಳಿದವರು ಯಾರೆಂಬುದೂ ಬಿಡಿಸಬೇಕಾದವರು ಯಾರೆಂಬುದೂ ಸ್ಪಷ್ಟವಾಗಿರುತ್ತದೆ. ಉತ್ತರವೊಂದು ಇದ್ದೇ ಇದೆ ಎಂಬ ವಿಷಯದಲ್ಲಿಯೂ ಯಾರಿಗೂ ಸಂದೇಹವಿರುವುದಿಲ್ಲ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಈ ವಿನೋದವು ಹೊಸದೊಂದು ರೂಪವನ್ನು ತಾಳಿತು. ಅದರಲ್ಲಿ ಒಗಟನ್ನು ಒಡ್ಡಿದವರು ಮರೆಯಲ್ಲಿಯೇ ಉಳಿಯುತ್ತಾರೆ; ಒಗಟೊಂದು ಇದೆಯೆಂಬ ಸಂಗತಿಯೇ ಮೊದಲು ಪತ್ತೆಯಾಗಬೇಕಾಗುತ್ತದೆ; ಬಿಡಿಸಲು ತೊಡಗುವವರು ಒಬ್ಬರ ಮುಖವನ್ನೊಬ್ಬರು ಕಾಣದ ಸಾವಿರಾರು ಮಂದಿ. ಇಂಗ್ಲಿಷಿನಲ್ಲಿ ಇದಕ್ಕೆ ಆಲ್ಟರ್ನೇಟ್ ರಿಯಾಲಿಟಿ ಗೇಮ್ ಎಂದು ಹೆಸರು. ಪ್ರಕೃತ ಲೇಖನದಲ್ಲಿ ನಾವು ಇದನ್ನು ಪರ್ಯಾಯ ವಾಸ್ತವ ಕ್ರೀಡೆಯೆಂದು ಕರೆಯುತ್ತೇವೆ.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಆಟದ ಮಾತೇಕೆ ಎಂದು ವಾಚಕರು ಕೇಳಬಹುದು. ಚದುರಿಹೋದ ಸಾಕ್ಷ್ಯಗಳನ್ನು ಕಲೆಹಾಕುವುದು, ಅವುಗಳನ್ನು ಒಂದಕ್ಕೊಂದು ಹೋಲಿಸಿ ನೋಡುವುದು, ಊಹೆಯೊಂದನ್ನು ಮುಂದಿಟ್ಟು ಅದನ್ನು ಪರೀಕ್ಷೆಗೆ ಒಳಪಡಿಸುವುದು, ನಿಲ್ಲದ ಊಹೆಯನ್ನು ಕೈಬಿಡುವುದು—ಇವು ಇತಿಹಾಸಕಾರನ ನಿತ್ಯದ ಕೆಲಸಗಳು. ಈ ಕೆಲಸಗಳನ್ನೇ ತರಬೇತಿಯಿಲ್ಲದ ಜನಸಮುದಾಯವೊಂದು ಆಟಕ್ಕಾಗಿ ಮಾಡಿತು. ಬೆರಗುಗೊಳಿಸುವ ವೇಗದಲ್ಲಿ ಮಾಡಿತು. ಅದೇ ಕ್ರಮವನ್ನು ಆಟವಲ್ಲದ ಕಡೆಗೆ ಕೊಂಡೊಯ್ದಾಗ ಅನರ್ಥವೂ ಆಯಿತು. ಈ ಯಶಸ್ಸಿಗೂ ಆ ಅನರ್ಥಕ್ಕೂ ಕಾರಣವೇನೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೨

ಪರ್ಯಾಯ ವಾಸ್ತವ ಕ್ರೀಡೆಯ ರಚನೆಯನ್ನು ಮೊದಲು ಸ್ಥೂಲವಾಗಿ ತಿಳಿದುಕೊಳ್ಳುವುದು ಅವಶ್ಯ. ಇದಕ್ಕೆ ಹಾಸಿಲ್ಲ, ಕಾಯಿಲ್ಲ, ಮುದ್ರಿತ ನಿಯಮಾವಳಿಯಿಲ್ಲ. ರಚನಕಾರರು ಒಂದು ಕಥೆಯನ್ನು ಕಟ್ಟಿ, ಅದನ್ನು ನೂರಾರು ತುಣುಕುಗಳಾಗಿ ಒಡೆದು, ದೈನಂದಿನ ಜೀವನದ ಸಾಧನಗಳಲ್ಲಿಯೇ ಅಡಗಿಸಿಡುತ್ತಾರೆ. ಅಂತರಜಾಲದ ತಾಣ, ದೂರವಾಣಿಯ ಸಂದೇಶ, ಮಿಂಚಂಚೆ, ಭಿತ್ತಿಪತ್ರ, ಪತ್ರಿಕೆಯ ಜಾಹೀರಾತು—ಯಾವುದರಲ್ಲಿ ಬೇಕಾದರೂ ಸುಳಿವು ಇರಬಹುದು. ಕಥೆಯ ಪಾತ್ರಗಳು ನಿಜವಾದ ಮನುಷ್ಯರಂತೆಯೇ ಆಟಗಾರರೊಡನೆ ವ್ಯವಹರಿಸುತ್ತವೆ. ಇದು ಆಟವೆಂದು ಎಲ್ಲಿಯೂ ಒಪ್ಪಿಕೊಳ್ಳದಿರುವುದೇ ಆಟದ ಮೂಲನಿಯಮ.

ರಚನಕಾರರನ್ನು ಆಟಗಾರರು ಪಪೆಟ್ ಮಾಸ್ಟರ್‌ಗಳೆಂದು ಕರೆಯುತ್ತಾರೆ. ನಮ್ಮ ಬೊಂಬೆಯಾಟದ ಸೂತ್ರಧಾರನೆಂಬ ಮಾತು ಇಲ್ಲಿ ಸರಿಯಾಗಿ ಹೊಂದುತ್ತದೆ. ಆದರೆ ಒಂದು ವ್ಯತ್ಯಾಸವುಂಟು. ಬೊಂಬೆಯಾಟದಲ್ಲಿ ಪ್ರೇಕ್ಷಕನು ನೋಡುತ್ತ ಕುಳಿತಿರುತ್ತಾನೆ. ಇಲ್ಲಿ ಪ್ರೇಕ್ಷಕನು ಒಗಟನ್ನು ಬಿಡಿಸಿದ ಹೊರತು ಕಥೆ ಮುಂದೆ ಸಾಗುವುದಿಲ್ಲ. ಪ್ರೇಕ್ಷಕರ ಚಲನವಲನವನ್ನು ನೋಡಿಕೊಂಡು ಸೂತ್ರಧಾರರು ಕಥೆಯನ್ನು ದಿನದಿನಕ್ಕೆ ತಿದ್ದುವುದೂ ಉಂಟು.

೩

ಈ ಪ್ರಕಾರದ ಮೊದಲ ಮಹತ್ವದ ಉದಾಹರಣೆ ೨೦೦೧ನೆಯ ಇಸವಿಯದು. ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ ‘ಎ. ಐ. ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಎಂಬ ಚಲನಚಿತ್ರವು ಆ ವರ್ಷದ ಜೂನ್ ತಿಂಗಳ ಕೊನೆಯಲ್ಲಿ ತೆರೆಕಾಣುವುದರಲ್ಲಿತ್ತು. ಅದರ ಪ್ರಚಾರಚಿತ್ರದಲ್ಲಿಯೂ ಭಿತ್ತಿಪತ್ರಗಳಲ್ಲಿಯೂ ತಂತ್ರಜ್ಞರ ಹೆಸರುಗಳ ನಡುವೆ ಜನೀನ್ ಸಲ್ಲಾ ಎಂಬಾಕೆಯ ಹೆಸರು ಕಾಣಿಸಿಕೊಂಡಿತು. ಆಕೆಗೆ ಕೊಟ್ಟಿದ್ದ ಪದವಿಯಾದರೋ ವಿಚಿತ್ರವಾದುದು: ಚೇತನಯುಕ್ತ ಯಂತ್ರಗಳ ಚಿಕಿತ್ಸಕಿ. ಕುತೂಹಲಗೊಂಡವರು ಆ ಹೆಸರನ್ನು ಅಂತರಜಾಲದಲ್ಲಿ ಹುಡುಕಿದಾಗ, ಕ್ರಿ. ಶ. ೨೧೪೨ರ ಕಾಲ್ಪನಿಕ ಜಗತ್ತೊಂದು ಅವರೆದುರು ತೆರೆದುಕೊಂಡಿತು. ಜನೀನ್ ಸಲ್ಲಾ ಕೆಲಸಮಾಡುತ್ತಿದ್ದುದು ‘ಬ್ಯಾಂಗಲೋರ್ ವರ್ಲ್ಡ್ ಯೂನಿವರ್ಸಿಟಿ’ಯಲ್ಲಿ! ಅಮೆರಿಕದ ಕಥನಕಾರರು ಭವಿಷ್ಯದ ಜ್ಞಾನಪೀಠವನ್ನು ಕಲ್ಪಿಸಿಕೊಳ್ಳುವಾಗ ನಮ್ಮ ಬೆಂಗಳೂರನ್ನು ಆರಿಸಿಕೊಂಡದ್ದು ಕನ್ನಡಿಗರಾದ ನಮಗೆ ಗಮನಾರ್ಹವಾದ ಸಂಗತಿ.

ಕಥೆಯ ಕೇಂದ್ರದಲ್ಲಿದ್ದುದು ಇವಾನ್ ಚಾನ್ ಎಂಬಾತನ ಸಾವು. ಅದು ಕೊಲೆಯೆಂಬ ಸೂಚನೆಯೂ ಭಿತ್ತಿಪತ್ರದ ಅಕ್ಷರಗಳಲ್ಲಿಯೇ ಅಡಗಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿದ್ದ ಜೋರ್ಡನ್ ವೈಸ್‌ಮನ್, ಇಲನ್ ಲೀ, ಕಾದಂಬರಿಕಾರ ಶಾನ್ ಸ್ಟೂವರ್ಟ್ ಮೊದಲಾದವರು ಇದರ ಸೂತ್ರಧಾರರು. ‘ದಿ ಬೀಸ್ಟ್’ ಎಂಬ ಹೆಸರಿನಿಂದ ಈ ಆಟ ಪ್ರಸಿದ್ಧವಾಯಿತು.

೨೦೦೧ರ ಏಪ್ರಿಲ್ ೧೧ರಂದು ಕೆಲವು ಆಸಕ್ತರು ಕೂಡಿ ಯಾಹೂ ಸಂಸ್ಥೆಯ ಪತ್ರಗೋಷ್ಠಿಯೊಂದರಲ್ಲಿ ‘ಕ್ಲೌಡ್‌ಮೇಕರ್ಸ್’ ಎಂಬ ಸಂಘವನ್ನು ಸ್ಥಾಪಿಸಿದರು. ಇವಾನ್ ಚಾನ್‌ನ ದೋಣಿಯ ಹೆಸರೇ ಸಂಘದ ಹೆಸರಾಯಿತು. ಆಟ ಮುಗಿದ ಜುಲೈ ತಿಂಗಳ ಹೊತ್ತಿಗೆ ಸದಸ್ಯರ ಸಂಖ್ಯೆ ೭,೦೦೦ವನ್ನು ಮೀರಿತ್ತು. ಅವರು ಪರಸ್ಪರ ಬರೆದುಕೊಂಡ ಪತ್ರಗಳು ೪೦,೦೦೦ಕ್ಕಿಂತ ಹೆಚ್ಚು. ಇಲನ್ ಲೀ ಅವರು ಅನಂತರ ತಿಳಿಸಿರುವಂತೆ, ತಿಂಗಳುಗಟ್ಟಲೆ ಸಾಕಾಗುವುದೆಂದು ಸಿದ್ಧಪಡಿಸಿದ್ದ ಒಗಟುಗಳನ್ನೆಲ್ಲ ಈ ಸಮುದಾಯವು ಮೊದಲ ದಿನವೇ ಬಿಡಿಸಿಬಿಟ್ಟಿತು. ಬಿಡಿಸಲಾಗದೆಂದು ಭಾವಿಸಿದ್ದವು ಕೂಡ ಉಳಿಯಲಿಲ್ಲ. ಸೂತ್ರಧಾರರು ಅಲ್ಲಿಂದ ಮುಂದಕ್ಕೆ ಹಗಲಿರುಳೆನ್ನದೆ ಹೊಸ ಸಮಸ್ಯೆಗಳನ್ನು ಹೆಣೆಯಬೇಕಾಯಿತು.

೪

ಇಷ್ಟು ಶೀಘ್ರವಾಗಿ ಬಿಡಿಸಿದುದಾದರೂ ಹೇಗೆ? ಸದಸ್ಯರಲ್ಲಿ ಪ್ರತಿಯೊಬ್ಬರೂ ಅಸಾಧಾರಣ ಮೇಧಾವಿಗಳಾಗಿದ್ದರೆಂದು ಭಾವಿಸಬೇಕಾಗಿಲ್ಲ. ಮೂರು ಕಾರಣಗಳು ನಮಗೆ ಮುಖ್ಯವೆಂದು ತೋರುತ್ತವೆ.

ಮೊದಲನೆಯದು, ವಿದ್ಯೆಯ ಹಂಚಿಕೆ. ಮೋರ್ಸ್ ಸಂಕೇತ, ಎನಿಗ್ಮಾ ಗೂಢಲಿಪಿ, ಚಿತ್ರಗಳಲ್ಲಿಯೂ ಧ್ವನಿಮುದ್ರಣಗಳಲ್ಲಿಯೂ ಹುದುಗಿಸಿದ ಸಂದೇಶ, ಜರ್ಮನ್ ಮತ್ತು ಜಪಾನೀ ಭಾಷೆಗಳ ಅನುವಾದ—ಇವೆಲ್ಲವನ್ನೂ ಒಬ್ಬನೇ ಬಲ್ಲವನಾಗಿರುವುದು ದುರ್ಲಭ. ಆಟಗಾರರ ಕಡೆಯಿಂದ ಬಂದ ವರ್ಣನೆಗಳಲ್ಲಿ ಅನುವಾದಿಸಬೇಕಾಗಿದ್ದ ಭಾಷೆಗಳ ನಡುವೆ ಕನ್ನಡದ ಹೆಸರೂ ಇದೆ. ಯಾರೂ ಕೇಳರಿಯದ ಭಾಷೆಯೆಂಬ ವಿಶೇಷಣವನ್ನು ಅದಕ್ಕೆ ಹಚ್ಚಲಾಗಿದೆ. ಕೋಟ್ಯಂತರ ಜನರ ಮಾತೃಭಾಷೆಗೆ ಈ ವಿಶೇಷಣವೇ ಎಂದು ನಾವು ನಗಬಹುದು. ಆದರೆ ಇಲ್ಲಿಯೇ ವಿಷಯದ ಮರ್ಮವಿದೆ. ಒಬ್ಬನಿಗೆ ಭೇದಿಸಲಾಗದ ಗೂಢವು ಮತ್ತೊಬ್ಬನಿಗೆ ತಾಯಿಯ ಬಾಯಿಂದ ಕಲಿತ ಮಾತು. ಗುಂಪು ದೊಡ್ಡದಾದಷ್ಟೂ ಆ ಮತ್ತೊಬ್ಬನು ಅದರಲ್ಲಿರುವ ಸಂಭವ ಹೆಚ್ಚು. ಫ್ರಾನ್ಸಿನ ಚಿಂತಕ ಪಿಯರ್ ಲೆವಿ ೧೯೯೪ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ ಸಾಮೂಹಿಕ ಬುದ್ಧಿಯೆಂಬ ತತ್ತ್ವಕ್ಕೆ ವಿದ್ವಾಂಸರು ಈ ಸಂಘವನ್ನು ಉದಾಹರಣೆಯಾಗಿ ಕೊಡುವುದು ಈ ಕಾರಣದಿಂದಲೇ.

ಎರಡನೆಯದು, ದಾಖಲೆಯ ಶಿಸ್ತು. ಸಾವಿರಾರು ಪತ್ರಗಳ ಪ್ರವಾಹದಲ್ಲಿ ಈಗಾಗಲೇ ತಿಳಿದುದೇನು, ತಿಳಿಯಬೇಕಾದುದೇನು ಎಂಬುದು ಕಾಣದಂತಾಗುವುದು ಸಹಜ. ಆದಕಾರಣ ಸಂಘದವರು ಪತ್ತೆಯಾದ ತಾಣಗಳನ್ನೂ ಬಿಡಿಸಿದ ಒಗಟುಗಳನ್ನೂ ಕ್ರಮವಾಗಿ ಪಟ್ಟಿಮಾಡಿದರು. ಏಡ್ರಿಯನ್ ಹಾನ್ ಎಂಬ ಸದಸ್ಯರು ಆಟದ ವೃತ್ತಾಂತವನ್ನು ಮೊದಲಿನಿಂದ ಕೊನೆಯವರೆಗೆ ಮಾರ್ಗದರ್ಶಿಯ ರೂಪದಲ್ಲಿ ಬರೆದರು. ತಡವಾಗಿ ಬಂದವನೂ ಇದನ್ನೋದಿ ಇತರರ ಜೊತೆಗೂಡಬಹುದಾಗಿತ್ತು.

ಮೂರನೆಯದು, ಪರಸ್ಪರ ಪರಿಶೀಲನೆ. ಒಬ್ಬನ ಊಹೆಯನ್ನು ನೂರು ಮಂದಿ ಪರೀಕ್ಷಿಸುತ್ತಿದ್ದರು. ಊಹೆ ಸರಿಯಾಗಿದ್ದರೆ ಮುಂದಿನ ಬಾಗಿಲು ತೆರೆಯುತ್ತಿತ್ತು, ತಪ್ಪಾಗಿದ್ದರೆ ತೆರೆಯುತ್ತಿರಲಿಲ್ಲ. ಈ ಮೂರನೆಯ ಅಂಶವನ್ನು ವಾಚಕರು ವಿಶೇಷವಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದಿನ ವಿವೇಚನೆಯೆಲ್ಲ ಇದನ್ನೇ ಅವಲಂಬಿಸಿದೆ.

೫

ಅನಂತರದ ಎರಡು ಆಟಗಳನ್ನು ಸಂಕ್ಷೇಪವಾಗಿ ನೋಡೋಣ. ೨೦೦೪ರಲ್ಲಿ ‘ಹೇಲೋ ೨’ ಎಂಬ ವಿಡಿಯೋ ಆಟದ ಪ್ರಚಾರಕ್ಕಾಗಿ ‘ಐ ಲವ್ ಬೀಸ್’ ಎಂಬ ಕ್ರೀಡೆಯನ್ನು ರಚಿಸಲಾಯಿತು. ಜೇನುಸಾಕಣೆಯ ತಾಣವೊಂದರಲ್ಲಿ ೨೧೦ ಸ್ಥಳಗಳ ಅಕ್ಷಾಂಶ ರೇಖಾಂಶಗಳೂ ವೇಳೆಗಳೂ ಯಾವ ವಿವರಣೆಯೂ ಇಲ್ಲದೆ ಪ್ರಕಟವಾದವು. ಇವುಗಳ ಅರ್ಥವೇನೆಂಬುದರ ಬಗ್ಗೆ ಆಟಗಾರರಲ್ಲಿ ಬಹುವಿಧವಾದ ಊಹೆಗಳೆದ್ದವು. ಕೊನೆಗೆ ಆಯಾ ಸ್ಥಳಗಳಿಗೆ ಹೋಗಿ ನೋಡಿದವರ ವರದಿಗಳಿಂದ, ಅವೆಲ್ಲ ಸಾರ್ವಜನಿಕ ದೂರವಾಣಿಗಳಿರುವ ಜಾಗಗಳೆಂಬುದು ಗೊತ್ತಾಯಿತು. ೨೦೦೪ರ ಆಗಸ್ಟ್ ೨೪ರಂದು ನಿಗದಿಯಾದ ವೇಳೆಗೆ ಆ ದೂರವಾಣಿಗಳು ಮೊಳಗಿದವು. ಕುಳಿತಲ್ಲಿಯೇ ತರ್ಕಿಸಿದ್ದರೆ ಇದು ತಿಳಿಯುತ್ತಿರಲಿಲ್ಲ. ಕ್ಷೇತ್ರಕಾರ್ಯವೇ ಊಹೆಗಳ ನಡುವೆ ತೀರ್ಮಾನ ನೀಡಿತು.

ಲಂಡನ್ನಿನ ಮೈಂಡ್ ಕ್ಯಾಂಡಿ ಸಂಸ್ಥೆಯವರು ೨೦೦೫ರಲ್ಲಿ ‘ಪರ್‌ಪ್ಲೆಕ್ಸ್ ಸಿಟಿ’ ಎಂಬ ಆಟವನ್ನು ಆರಂಭಿಸಿದರು. ನೆಲದಲ್ಲಿ ಹೂತಿಟ್ಟ ಘನಾಕೃತಿಯೊಂದನ್ನು ಕಂಡುಹಿಡಿದವರಿಗೆ ೧,೦೦,೦೦೦ ಪೌಂಡುಗಳ ಬಹುಮಾನವಿತ್ತು. ೨೦೦೭ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ನಾರ್ತಾಂಪ್ಟನ್‌ಷೈರಿನ ಕಾಡೊಂದರಲ್ಲಿ ಅದು ದೊರೆಯಿತು. ಆದರೆ ಅದೇ ಆಟದ ಮತ್ತೊಂದು ಸಮಸ್ಯೆ—ಕೇವಲ ಒಂದು ಭಾವಚಿತ್ರವನ್ನೂ ಹೆಸರನ್ನೂ ಆಧರಿಸಿ ಜಪಾನೀ ಮನುಷ್ಯನೊಬ್ಬನನ್ನು ಪತ್ತೆಮಾಡುವುದು—ಹದಿನಾಲ್ಕು ವರ್ಷಗಳಷ್ಟು ಕಾಲ ಬಿಡಿಸಲಾಗದೆ ಉಳಿಯಿತು. ಪರಿಚಿತರಿಂದ ಪರಿಚಿತರಿಗೆ ಕೈಬದಲಾಗುತ್ತ ಹೋದರೆ ಯಾರನ್ನಾದರೂ ಮುಟ್ಟಬಹುದೆಂಬ ನಂಬಿಕೆಯೇ ಈ ಸಮಸ್ಯೆಯ ತಳಹದಿ. ೨೦೨೦ರ ಡಿಸೆಂಬರಿನಲ್ಲಿ ಅದು ಬಗೆಹರಿದುದು ಮುಖವನ್ನು ಗುರುತಿಸುವ ಯಂತ್ರತಂತ್ರದ ನೆರವಿನಿಂದ. ಜನರ ಸರಪಳಿಯಿಂದ ಸಾಧ್ಯವಾಗದುದನ್ನು ಗಣಕವು ಮಾಡಿತು.

೬

ಈಗ ಆಟವಲ್ಲದ ಸಂದರ್ಭಕ್ಕೆ ಬರೋಣ. ‘ದಿ ಬೀಸ್ಟ್’ ಮುಗಿದು ಎರಡು ತಿಂಗಳು ತುಂಬುವ ಮೊದಲೇ, ೨೦೦೧ರ ಸೆಪ್ಟೆಂಬರ್ ೧೧ರಂದು, ಅಮೆರಿಕದ ಮೇಲೆ ಭಯೋತ್ಪಾದಕರ ದಾಳಿ ನಡೆಯಿತು. ಇಷ್ಟು ಒಗಟುಗಳನ್ನು ಬಿಡಿಸಿದ ನಾವು ಇದನ್ನೇಕೆ ಬಿಡಿಸಬಾರದೆಂದು ಕ್ಲೌಡ್‌ಮೇಕರ್ಸ್ ಸಂಘದ ಕೆಲವರು ಸೂಚಿಸಿದರು. ಸಂಘದ ಮುಖ್ಯಸ್ಥರು ಇದನ್ನು ಬಹಿರಂಗವಾಗಿ ತಡೆದರು. ನಮಗೆ ದೊರೆತ ಸುಳಿವುಗಳು ನಮಗಾಗಿಯೇ, ನಮ್ಮ ಶಕ್ತಿಯನ್ನು ಅಳೆದು ಇಟ್ಟವುಗಳು. ಇದು ಹಾಗಲ್ಲ ಎಂಬುದು ಅವರ ನಿಲುವಿನ ಸಾರ. ಆಟಗಳ ಅಧ್ಯಯನದಲ್ಲಿ ಹೆಸರುಗಳಿಸಿದ ಜೇನ್ ಮೆಕ್‌ಗಾನಿಗಲ್ ಅವರು ಈ ಪ್ರಸಂಗವನ್ನು ವಿವೇಚಿಸಿದ್ದಾರೆ. ಶೋಕದ ಆ ದಿನಗಳಲ್ಲಿ ಅಷ್ಟು ವಿವೇಕವನ್ನು ತೋರಿದವರನ್ನು ಮೆಚ್ಚಬೇಕು.

ಎಲ್ಲರೂ ಆ ವಿವೇಕವನ್ನು ತೋರಲಿಲ್ಲ. ೨೦೧೩ರ ಏಪ್ರಿಲ್ ೧೫ರಂದು ಬಾಸ್ಟನ್ ನಗರದ ಮ್ಯಾರಥಾನ್ ಓಟದ ವೇಳೆ ಬಾಂಬುಗಳು ಸಿಡಿದಾಗ, ರೆಡಿಟ್ ತಾಣದಲ್ಲಿ ನೆರೆದ ಜನ ಛಾಯಾಚಿತ್ರಗಳನ್ನು ಕೆದಕಿ ತಾವೇ ಅಪರಾಧಿಗಳನ್ನು ಹುಡುಕತೊಡಗಿದರು. ನಿರಪರಾಧಿಗಳ ಹೆಸರುಗಳು ಊರೂರು ಹಬ್ಬಿದವು. ಅವರ ಮನೆಯವರು ಪಟ್ಟ ಸಂಕಟ ಹೇಳತೀರದು. ಆ ತಾಣದ ಆಡಳಿತದವರು ಕೊನೆಗೆ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು.

ಎರಡು ಸಂದರ್ಭಗಳಲ್ಲಿಯೂ ಜನ ಒಂದೇ ಬಗೆಯವರು. ಉತ್ಸಾಹವೂ ಒಂದೇ, ಕ್ರಮವೂ ಹೊರನೋಟಕ್ಕೆ ಒಂದೇ. ವ್ಯತ್ಯಾಸವಿರುವುದು ಸಾಕ್ಷ್ಯದ ಸ್ವರೂಪದಲ್ಲಿ. ಆಟದಲ್ಲಿ ಪ್ರತಿಯೊಂದು ಸುಳಿವಿಗೂ ಕರ್ತೃವುಂಟು, ಉದ್ದೇಶವುಂಟು, ಉತ್ತರವುಂಟು. ತಪ್ಪು ಊಹೆಯು ಮುಚ್ಚಿದ ಬಾಗಿಲಿಗೆ ತಾಗಿ ತಾನಾಗಿಯೇ ಬಿದ್ದುಹೋಗುತ್ತದೆ. ಲೋಕವ್ಯವಹಾರದಲ್ಲಿ ಬಹುಪಾಲು ಸಂಗತಿಗಳು ಯಾರಿಗೂ ಸುಳಿವಾಗಬೇಕೆಂದು ಸಂಭವಿಸಿದವುಗಳಲ್ಲ. ಅಲ್ಲಿ ತಪ್ಪು ಊಹೆಯನ್ನು ತಡೆಯುವ ಬಾಗಿಲಿಲ್ಲ. ಸಾವಿರ ಮಂದಿ ಒಪ್ಪಿದರೆಂಬುದೇ ಪ್ರಮಾಣವಾಗಿ ಪರಿಣಮಿಸುತ್ತದೆ. ಒಬ್ಬನ ತಪ್ಪು ಸಾವಿರ ಬಾಯಿಗಳಿಂದ ಹೊರಟು ಸತ್ಯದಂತೆ ಕೇಳಿಸುತ್ತದೆ.

೭

ಇತಿಹಾಸಾಧ್ಯಯನಕ್ಕೆ ಇದರಿಂದ ದೊರೆಯುವ ಪಾಠವೇನು? ಸಹಕಾರದ ಶೋಧನೆ ನಮಗೆ ಹೊಸದಲ್ಲ. ಕ್ರೀಟ್ ದ್ವೀಪದ ಲೀನಿಯರ್ ಬಿ ಲಿಪಿಯನ್ನು ಓದಿದ ಮೈಕೇಲ್ ವೆಂಟ್ರಿಸ್ ವೃತ್ತಿಯಿಂದ ವಾಸ್ತುಶಿಲ್ಪಿ. ಅವರು ಹಲವು ದೇಶಗಳ ವಿದ್ವಾಂಸರಿಗೆ ಪ್ರಶ್ನಾವಳಿಯನ್ನು ಕಳುಹಿಸಿ, ಬಂದ ಉತ್ತರಗಳನ್ನು ೧೯೫೦ರಲ್ಲಿ ಎಲ್ಲರಿಗೂ ಹಂಚಿದರು. ತಮ್ಮ ಟಿಪ್ಪಣಿಗಳನ್ನೂ ಆಗಿಂದಾಗ್ಗೆ ಕಳುಹಿಸುತ್ತ ಬಂದು, ೧೯೫೨ರ ಜುಲೈ ೧ರಂದು ಬಿ. ಬಿ. ಸಿ. ಬಾನುಲಿಯಲ್ಲಿ ಫಲಿತಾಂಶವನ್ನು ಸಾರಿದರು. ಅನಂತರ ದೊರೆತ ಹೊಸ ಫಲಕಗಳೂ ಅದೇ ಓದಿಗೆ ಒಗ್ಗಿದಾಗ ಮಾತ್ರ ವಿದ್ವತ್ಪ್ರಪಂಚ ಒಪ್ಪಿತು. ಇದಕ್ಕೆ ಪ್ರತಿಯಾಗಿ ಸಿಂಧೂ ಲಿಪಿಯನ್ನು ಬಿಡಿಸಿದೆವೆಂದು ಹೇಳಿಕೊಂಡವರು ಎಷ್ಟೋ ಮಂದಿ. ಸರ್ವಸಮ್ಮತವಾದ ಓದು ಇಂದಿಗೂ ಇಲ್ಲ. ಆ ಮುದ್ರೆಗಳನ್ನು ಕೊರೆದವರು ನಮಗಾಗಿ ಒಗಟನ್ನು ಕಟ್ಟಿದವರಲ್ಲ. ನಾವು ಬಿಡಿಸಿದಾಗ ಸರಿಯೆಂದು ತಲೆದೂಗಲು ಯಾವ ಸೂತ್ರಧಾರನೂ ಪರದೆಯ ಹಿಂದಿಲ್ಲ.

ಇನ್ನೊಂದು ಮಾತನ್ನು ಹೇಳದೆ ಈ ಲೇಖನವನ್ನು ಮುಗಿಸುವಂತಿಲ್ಲ. ಕ್ಲೌಡ್‌ಮೇಕರ್ಸ್ ಸಂಘದ ಪತ್ರವ್ಯವಹಾರವು ಸಾಮೂಹಿಕ ಶೋಧನೆಯ ಚರಿತ್ರೆಗೆ ಅಮೂಲ್ಯವಾದ ಆಕರ. ಅದಕ್ಕೆ ಆಶ್ರಯವಾಗಿದ್ದ ಯಾಹೂ ಸಂಸ್ಥೆಯ ಸೇವೆಯಾದರೋ ೨೦೨೦ರ ಡಿಸೆಂಬರಿನಲ್ಲಿ ಮುಚ್ಚಿಹೋಯಿತು. ಸಾವಿರ ವರ್ಷದ ಹಿಂದೆ ಕಲ್ಲಿನಲ್ಲಿ ಕೊರೆದ ಶಾಸನವನ್ನು ನಾವು ಇಂದು ಓದಬಲ್ಲೆವು. ಇಪ್ಪತ್ತು ವರ್ಷದ ಹಿಂದೆ ಏಳು ಸಾವಿರ ಮಂದಿ ಕೂಡಿ ಬರೆದುದನ್ನು ಓದಬೇಕಾದರೆ, ಯಾರಾದರೂ ಪ್ರತಿ ಮಾಡಿಟ್ಟಿರಬಹುದೇ ಎಂದು ಹುಡುಕಬೇಕು. ಇಂಥ ಆಕರಗಳ ಸಂರಕ್ಷಣೆಯೂ ಇತಿಹಾಸ ವಿಭಾಗಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳು ಜನಸಮೂಹದ ತೀರ್ಪುಗಳನ್ನು ದಿನವೂ ಓದುತ್ತಿರುವವರು. ಕೂಡಿ ಹುಡುಕುವುದನ್ನು ಅವರಿಗೆ ನಾವು ಕಲಿಸಬೇಕಾಗಿಲ್ಲ. ಅದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು. ಸಿಕ್ಕಿದ ಉತ್ತರ ತಪ್ಪಾಗಿರಬಹುದೆಂದು ತಿಳಿಯುವ ಬಗೆಯನ್ನೂ, ಉತ್ತರ ಸಿಕ್ಕದಿದ್ದಾಗ ಸಿಕ್ಕಲಿಲ್ಲವೆಂದು ಹೇಳುವ ಧೈರ್ಯವನ್ನೂ ಕಲಿಸುವುದು ಮಾತ್ರ ನಮ್ಮ ಪಾಲಿಗೆ ಉಳಿದಿದೆ.